ವೆರಿಕೋಸ್ ಆಪರೇಷನ್: ‘ನರಕ್ಕೆ ತೊಂದರೆ ಆಗಬಹುದು’ ಅಂದ್ರೆ ಯಾವ ನರಕ್ಕೆ?

(ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಮಾತನ್ನು ತುಸು ಚೊಕ್ಕ ಮಾಡಲಾಗಿದೆ.)

ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿಕೊಳ್ಳಿ. ಇವತ್ತು ಕಾಲಿನ ಮ್ಯಾಪ್ ಒಂದನ್ನ ಬರೀ ಮಾತಲ್ಲೇ ಬಿಡಿಸಬೇಕು, ಆದ್ದರಿಂದ ಸ್ವಲ್ಪ ಗಮನ ಬೇಕು.

ಹೋದ ವಾರ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದರು. ಡಿಗ್ರಿ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿರೋ ಹುಡುಗ. ಅವರ ಅಮ್ಮ ಟಿಫಿನ್ ಸೆಂಟರ್ ನಡೆಸ್ತಾರೆ. ಬೆಳಗ್ಗೆ ಐದಕ್ಕೆ ಒಲೆ ಮುಂದೆ ನಿಂತರೆ ಮಧ್ಯಾಹ್ನದವರೆಗೂ ಕೂರೋ ಮಾತೇ ಇಲ್ಲ. ಎಡಗಾಲಿನ ಮೀನಖಂಡದಲ್ಲಿ ನೀಲಿ ಗಂಟುಗಳು, ಪಾದದ ಮೇಲ್ಗಡೆ ಚರ್ಮ ಕಪ್ಪಾಗಿದೆ, ಸಂಜೆ ಹೊತ್ತಿಗೆ ಕಾಲು ಭಾರ. ಆಪರೇಷನ್ ಅಂತ ನಿಕ್ಕಿಯಾಗಿದೆ. ಹುಡುಗನ ಪ್ರಶ್ನೆ ಇದು: “ಸರ್, ಡಾಕ್ಟ್ರು ‘ನರಕ್ಕೆ ಸ್ವಲ್ಪ ತೊಂದರೆ ಆಗಬಹುದು, ಆಮೇಲೆ ಸರಿಹೋಗುತ್ತೆ’ ಅಂತ ಹೇಳಿ ಅಮ್ಮನ ಹತ್ರ ಸಹಿ ಹಾಕಿಸಿಕೊಂಡ್ರು. ಕಾಯಿಲೆ ಇರೋದೇ ನರದಲ್ಲಿ, ತೆಗೆಯೋದೂ ಅದೇ ನರಾನ. ಮತ್ತೆ ಅದಕ್ಕೆ ತೊಂದರೆ ಆಗೋದು ಅಂದ್ರೇನು?”

ಮೊದಲ ಸಲ ಕೇಳಿದಾಗ ನಕ್ಕೆ. ಎರಡನೇ ಸಲ ಕೇಳಿದಾಗ ನಗು ಬರಲಿಲ್ಲ.

ಯಾಕಂದ್ರೆ ತಪ್ಪು ಆ ಹುಡುಗನದ್ದಲ್ಲ. ನಾವು ಕನ್ನಡದಲ್ಲಿ ಆಡೋ ಮಾತೇ ಹಾಗಿದೆ. ‘ನರಕ್ಕೆ ಇಂಜೆಕ್ಷನ್ ಕೊಟ್ರು’ ಅಂತೀವಿ, ಅದು ರಕ್ತನಾಳ. ‘ಕೈ ನರ ಎದ್ದು ಕಾಣ್ತಿದೆ’ ಅಂತೀವಿ, ಅದೂ ರಕ್ತನಾಳ. ‘ಸೊಂಟದಲ್ಲಿ ನರ ಒತ್ತಿದೆ’ ಅಂದಾಗ ಮಾತ್ರ ಅದು ನಿಜವಾದ ನರ, ಅಂದ್ರೆ ಸ್ಪರ್ಶ, ನೋವು, ಚಲನೆಯ ಸುದ್ದಿ ಸಾಗಿಸೋ ತಂತಿ. ಒಂದು ರಕ್ತದ ಪೈಪು, ಇನ್ನೊಂದು ಕರೆಂಟ್ ವೈರು ಇದ್ದ ಹಾಗೆ. ನಾವು ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೀವಿ. ದಿನನಿತ್ಯ ಇದರಿಂದ ಏನೂ ಕೆಡಲ್ಲ. ಆದರೆ ವೆರಿಕೋಸ್ ವೇನ್ ಆಪರೇಷನ್‌ನಲ್ಲಿ ಸರ್ಜನ್‌ನ ಜಾಣ್ಮೆಯ ದೊಡ್ಡ ಪಾಲು ಇರೋದೇ ಈ ಎರಡನ್ನ ಬೇರೆ ಮಾಡೋದರಲ್ಲಿ. ಪೈಪನ್ನ ಮುಚ್ಚಬೇಕು ಅಥವಾ ತೆಗೀಬೇಕು, ಪಕ್ಕದ ವೈರಿಗೆ ಏನೂ ಆಗಬಾರದು. ಹಾಗಾಗಿ ಈ ಕಂತಿನಲ್ಲಿ ನಾನು ‘ರಕ್ತನಾಳ’ ಅಂದ್ರೆ ಪೈಪು, ‘ನರ’ ಅಂದ್ರೆ ವೈರು ಮಾತ್ರ. ನಾನು ಡಾಕ್ಟರ್ ಅಲ್ಲ, ಆರೋಗ್ಯ ವರದಿಗಾರ. ನಿಮ್ಮ ಕಾಲಿನ ಬಗ್ಗೆ ತೀರ್ಮಾನ ನಿಮ್ಮ ಡಾಕ್ಟರ್ ಹತ್ತಿರವೇ ಆಗಲಿ. ಅಲ್ಲಿ ಏನು ಕೇಳಬೇಕು ಅನ್ನೋದಕ್ಕೆ ಈ ಮಾತು.

ವೆರಿಕೋಸ್ ಅಂದ್ರೆ ಏನು ಅನ್ನೋದನ್ನ ಬೇಗ ಮುಗಿಸಿಬಿಡ್ತೀನಿ. ಕಾಲಿನ ರಕ್ತ ಮೇಲೆ ಹೃದಯಕ್ಕೆ ಹತ್ತಬೇಕು. ಕೆಳಗೆ ಜಾರದ ಹಾಗೆ ರಕ್ತನಾಳದೊಳಗೆ ಅಲ್ಲಲ್ಲಿ ಕವಾಟಗಳಿವೆ, ಒಂದೇ ಕಡೆ ತೆರೆಯೋ ಬಾಗಿಲುಗಳು. ಅವು ಸಡಿಲವಾದರೆ ರಕ್ತ ವಾಪಸ್ ಇಳಿದು ನಿಲ್ಲುತ್ತೆ, ನಾಳ ಉಬ್ಬಿ ಸೊಟ್ಟಪಟ್ಟ ಆಗುತ್ತೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ನೋವು, ಊತ, ಚರ್ಮ ಕಪ್ಪಾಗೋದು, ವಾಸಿಯಾಗದ ಹುಣ್ಣು ಇದ್ದಾಗ ಅದರ ಮಾತು ಬರುತ್ತೆ.

ಈಗ ಮ್ಯಾಪ್. ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ರೆ ನಿಮ್ಮ ಕಾಲನ್ನೇ ಮುಟ್ಟಿ ನೋಡ್ಕೊಳ್ಳಿ, ಯಾರೂ ಏನೂ ಅಂದುಕೊಳ್ಳಲ್ಲ.

ಪಾದದ ಒಳಬದಿಯಲ್ಲಿ, ಅಂದ್ರೆ ಹೆಬ್ಬೆರಳಿನ ಕಡೆ, ಕಾಲಿನ ಗಂಟಿನ ಮೂಳೆ ಉಬ್ಬಿಕೊಂಡಿದೆ ಅಲ್ವಾ? ಅದರ ಮುಂದೆಯೇ ಶುರುವಾಗಿ, ಕಾಲಿನ ಒಳಮೈಯಲ್ಲಿ ಮಂಡಿ ದಾಟಿ, ತೊಡೆಯ ಒಳಬದಿಯಲ್ಲಿ ಹತ್ತಿ, ತೊಡೆಸಂದಿನಲ್ಲಿ ಒಳಗಿನ ದೊಡ್ಡ ರಕ್ತನಾಳಕ್ಕೆ ಸೇರೋದು ಗ್ರೇಟ್ ಸಫೀನಸ್ ವೇನ್. ಮೈಯ ಅತಿ ಉದ್ದದ ರಕ್ತನಾಳ. ನಾವು ಇದನ್ನ ಉದ್ದನಾಳ ಅಂತ ಕರೆಯೋಣ. ಇದರ ಜೊತೆಗಾರ ಸಫೀನಸ್ ನರ. ಈ ಜೋಡಿ ಉದ್ದಕ್ಕೂ ಜೊತೆಯಾಗಿಲ್ಲ. ತೊಡೆಯಲ್ಲಿ ನರ ಆಳದಲ್ಲಿ, ಮಾಂಸಖಂಡಗಳ ಕೆಳಗೆ ಬೇರೆ ದಾರಿಯಲ್ಲಿ ಬರುತ್ತೆ. ಮಂಡಿಯ ಒಳಬದಿಯಲ್ಲಿ ಮೇಲಕ್ಕೆ ಬಂದು, ಅಲ್ಲಿಂದ ಕೆಳಗೆ ಪಾದದವರೆಗೂ ರಕ್ತನಾಳಕ್ಕೆ ಅಂಟಿಕೊಂಡ ಹಾಗೆ ಓಡುತ್ತೆ. ಅಂದ್ರೆ ಮಂಡಿಯಿಂದ ಮೇಲೆ ನಾಳ ಹೆಚ್ಚುಕಮ್ಮಿ ಒಂಟಿ, ಮಂಡಿಯಿಂದ ಕೆಳಗೆ ಜೋಡಿ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡನೇದು ಕಾಲಿನ ಹಿಂಭಾಗ. ಕಿರುಬೆರಳಿನ ಕಡೆಯ ಗಂಟಿನ ಮೂಳೆ ಹಿಂದೆ ಹುಟ್ಟಿ, ಮೀನಖಂಡದ ನಡುವೆ ಹತ್ತಿ, ಸಾಮಾನ್ಯವಾಗಿ ಮಂಡಿಯ ಹಿಂದಿನ ಮಡಿಕೆಯಲ್ಲಿ ಒಳಗೆ ಇಳಿಯೋದು ಸ್ಮಾಲ್ ಸಫೀನಸ್ ವೇನ್. ಇದು ಗಿಡ್ಡನಾಳ. ಇದರ ಜೊತೆಗಾರ ಸೂರಲ್ ನರ. ಮೀನಖಂಡದ ಮೇಲರ್ಧದಲ್ಲಿ ಅದು ಸಾಮಾನ್ಯವಾಗಿ ಒಂದು ಪದರ ಕೆಳಗಿರುತ್ತೆ, ಅರ್ಧ ದಾರಿ ಇಳಿದ ಮೇಲೆ ಮೇಲಕ್ಕೆ ಬಂದು ನಾಳದ ಪಕ್ಕ ಸೇರಿಕೊಳ್ಳುತ್ತೆ. ಪಾದದ ಹೊರ ಅಂಚಿನ ಸ್ಪರ್ಶ ಇದರ ಕೈಯಲ್ಲಿದೆ.

ಮೂರನೇದನ್ನ ಬೆರಳಲ್ಲೇ ಮುಟ್ಟಬಹುದು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಗುಂಡಗಿನ ಮೂಳೆಯೊಂದು ಸಿಗುತ್ತೆ. ಅದರ ಕತ್ತನ್ನ ಸುತ್ತಿಕೊಂಡು ಚರ್ಮದ ತೀರಾ ಹತ್ತಿರ ಹೋಗೋ ನರ ಕಾಮನ್ ಪೆರೋನಿಯಲ್. ಮೊದಲಿನ ಎರಡು ಬರೀ ಸ್ಪರ್ಶದ ನರಗಳು, ಇದು ಸ್ನಾಯುಗಳನ್ನೂ ನಡೆಸುತ್ತೆ. ಪಾದವನ್ನ ಮೇಲಕ್ಕೆ ಎತ್ತೋ ಶಕ್ತಿ ಇದರಿಂದ ಬರುತ್ತೆ. ಇದಕ್ಕೆ ಪೆಟ್ಟಾದರೆ ಪಾದ ಜೋತು ಬೀಳುತ್ತೆ. ನಡೆಯೋವಾಗ ಚಪ್ಪಲಿ ನೆಲಕ್ಕೆ ಎಳೆದುಕೊಂಡು ಹೋಗುತ್ತೆ, ಮೆಟ್ಟಿಲಲ್ಲಿ ಬೆರಳು ತಗಲುತ್ತೆ. ಡಾಕ್ಟರ್‌ಗಳು ಇದನ್ನ ಫುಟ್ ಡ್ರಾಪ್ ಅಂತಾರೆ. ಅಪರೂಪ, ಆದರೆ ಆದವರಿಗೆ ಅಪರೂಪ ಅನ್ನೋದರಿಂದ ಸಮಾಧಾನ ಸಿಗಲ್ಲ.

ಈಗ ಇತಿಹಾಸಕ್ಕೆ ಒಂದು ಸುತ್ತು. 1890ರ ಹೊತ್ತಿಗೆ ಜರ್ಮನಿಯ ಸರ್ಜನ್ ಫ್ರೆಡ್ರಿಕ್ ಟ್ರೆಂಡಲೆನ್‌ಬರ್ಗ್ ತೊಡೆಯಲ್ಲಿ ಉದ್ದನಾಳವನ್ನ ಕಟ್ಟಿಹಾಕೋ ಆಪರೇಷನ್ ಮಾಡಿದರು. ಬರೀ ಕಟ್ಟಿದರೆ ಬೇರೆ ದಾರಿ ಹುಡುಕಿಕೊಂಡು ರಕ್ತ ಮತ್ತೆ ಇಳೀತಿತ್ತು. 1907ರಲ್ಲಿ ಅಮೆರಿಕದ ವಿಲಿಯಂ ವೇಯ್ನ್ ಬ್ಯಾಬ್‌ಕಾಕ್, ತುದಿಯಲ್ಲಿ ಗುಂಡಗಿನ ತಲೆ ಇರೋ ಉದ್ದ ಸಲಾಕೆಯೊಂದನ್ನ ನಾಳದ ಒಳಗೇ ತೂರಿಸಿ, ಇಡೀ ನಾಳವನ್ನ ಎಳೆದು ತೆಗೆಯೋ ವಿಧಾನ ತಂದರು. ಸ್ಟ್ರಿಪ್ಪಿಂಗ್ ಅಂತ ಕರೆಯೋದು ಇದನ್ನೇ. ಹಲವು ದಶಕ ಇದೇ ನಡೀತು. ಪಾದದ ಗಂಟಿನಿಂದ ತೊಡೆಸಂದಿನವರೆಗೆ ನಾಳ ಪೂರ್ತಿ ಹೊರಗೆ.

ಇಲ್ಲೇ ಎಡವಟ್ಟು. ಮಂಡಿಯಿಂದ ಕೆಳಗೆ ಜೋಡಿ ಅಂದೆ ಅಲ್ವಾ? ನಾಳವನ್ನ ಕಿತ್ತಾಗ ಪಕ್ಕದಲ್ಲಿ ಅಂಟಿಕೊಂಡ ನರವೂ ಎಳೆದಾಟಕ್ಕೆ ಸಿಗುತ್ತೆ. ಕೆಲವೊಮ್ಮೆ ಹಿಗ್ಗುತ್ತೆ, ಕೆಲವೊಮ್ಮೆ ಹರಿದೇ ಹೋಗುತ್ತೆ. ಗೋಡೆಯಿಂದ ಹಳೇ ಪೈಪ್ ಕೀಳೋವಾಗ ಅದಕ್ಕೆ ಕಟ್ಟಿದ್ದ ಕೇಬಲ್ಲೂ ಕಿತ್ತು ಬರುತ್ತಲ್ಲ, ಹಾಗೆ. 1990ರಲ್ಲಿ ಪ್ರಕಟವಾದ ಒಂದು ಡ್ಯಾನಿಶ್ ಅಧ್ಯಯನ ಎರಡು ಗುಂಪುಗಳನ್ನ ಹೋಲಿಸಿ ನೋಡಿತು. ಪಾದದವರೆಗೂ ನಾಳ ತೆಗೆದವರಲ್ಲಿ ಶೇ 39 ಮಂದಿಗೆ ಸಫೀನಸ್ ನರಕ್ಕೆ ಪೆಟ್ಟಾಗಿತ್ತು. ಮಂಡಿಯವರೆಗೆ ಮಾತ್ರ ತೆಗೆದವರಲ್ಲಿ ಶೇ 7. ಹೊಸ ಮಷಿನ್ ಇಲ್ಲ, ಹೊಸ ಔಷಧ ಇಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋ ಒಂದು ತೀರ್ಮಾನದಿಂದ ಇಷ್ಟು ವ್ಯತ್ಯಾಸ. ನನ್ನ ಲೆಕ್ಕದಲ್ಲಿ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಅಂಕಿ ಇದೇ.

ಕೆಳಗಿನ ತುಂಡನ್ನ ಹಾಗೇ ಬಿಟ್ಟರೆ ಕಾಯಿಲೆ ಉಳಿಯಲ್ವಾ ಅಂತ ಕೇಳ್ತೀರಿ. ಮುಖ್ಯ ಸೋರಿಕೆ ಇರೋದು ಬಹುಪಾಲು ಮೇಲೆ, ತೊಡೆಯ ಭಾಗದಲ್ಲಿ. ಅದನ್ನ ನಿಲ್ಲಿಸಿದರೆ ಕೆಳಗಿನ ಒತ್ತಡ ತಾನಾಗಿ ಇಳಿಯುತ್ತೆ. ಜೊತೆಗೆ, ಮೀನಖಂಡದಲ್ಲಿ ಒಳನಾಳಕ್ಕೂ ಹೊರನಾಳಕ್ಕೂ ನಡುವೆ ಇರೋ ಕೊಂಡಿಗಳು ಹೆಚ್ಚಾಗಿ ಉದ್ದನಾಳಕ್ಕೆ ನೇರ ಸೇರಲ್ಲ, ಅದರ ಹಿಂದಿನ ಕವಲಿಗೆ ಸೇರುತ್ತವೆ. ಹಾಗಾಗಿ ಪಾದದವರೆಗೂ ಎಳೆದು ತೆಗೆದು ಗಳಿಸೋದು ಕಡಿಮೆ, ಕಳೆದುಕೊಳ್ಳೋದು ಜಾಸ್ತಿ. ಎಳೆಯೋ ರೀತಿಯೂ ಬದಲಾಗಿದೆ. ದಪ್ಪ ತಲೆಯ ಸಲಾಕೆ ಬಿಟ್ಟು, ಕಾಲುಚೀಲವನ್ನ ಒಳಮೈ ಹೊರಗೆ ಮಾಡಿ ಕಳಚೋ ಹಾಗೆ ನಾಳವನ್ನ ತನ್ನೊಳಗೇ ಮಡಚಿ ಎಳೀತಾರೆ. ಸುತ್ತಲಿನ ಜಾಗ ಅಷ್ಟು ಹರಿಯಲ್ಲ.

ನಮ್ಮ ಚಿಕ್ಕಪ್ಪನ ಕಥೆ ಇಲ್ಲಿ ಹೇಳಬೇಕು. ಅವರು ಬಸ್ ಕಂಡಕ್ಟರ್ ಆಗಿದ್ದವರು. ಸುಮಾರು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಬಲಗಾಲಿಗೆ ಈ ಆಪರೇಷನ್ ಆಯ್ತು, ಪಾದದವರೆಗೂ. ಗಂಟುಗಳು ಹೋದವು, ಕಾಲುನೋವು ಹೋಯ್ತು, ಖುಷಿಯಾಗೇ ಇದ್ದರು. ಮೀನಖಂಡದ ಒಳಬದಿ ಮರಗಟ್ಟಿದ ಹಾಗಿದೆ ಅಂತ ಆಗಾಗ ಅನ್ನೋರು, ಅಷ್ಟೆ. ಒಂದಿನ ಲುಂಗಿಯಲ್ಲಿ ಬೈಕ್ ತಗೊಂಡು ಅಂಗಡಿಗೆ ಹೋದವರು ದಾರೀಲಿ ಪರಿಚಯದವರು ಸಿಕ್ಕರು ಅಂತ ಇಳಿದು, ಬೈಕಿಗೆ ಒರಗಿ ಮಾತಾಡ್ತಾ ನಿಂತರು. ಕಾಲು ಸೈಲೆನ್ಸರ್‌ಗೆ ತಾಗಿಕೊಂಡೇ ಇತ್ತು. ಮನೆಗೆ ಬಂದು ಕಾಲು ತೊಳೆಯೋವಾಗ ನೋಡಿದರೆ ಅಂಗೈಯಷ್ಟು ಬೊಬ್ಬೆ. ನಮಗೆ ನಿಮಗೆ ಸೈಲೆನ್ಸರ್ ಸೋಕಿದರೆ ಅರ್ಧ ಸೆಕೆಂಡಿನಲ್ಲಿ ಕಾಲು ಎಗರುತ್ತೆ. ಅವರ ಕಾಲಿಗೆ ಆ ಸುದ್ದಿ ತಲುಪಿಸೋ ತಂತಿಯೇ ಇರಲಿಲ್ಲ. ಮೊದಲೇ ವೆರಿಕೋಸ್ ಇದ್ದ ಕಾಲು, ಗಾಯ ಒಣಗೋಕೆ ತಿಂಗಳುಗಟ್ಟಲೆ ಬೇಕಾಯ್ತು.

ಆಪರೇಷನ್ ಮಾಡಿದವರು ಆಗಿನ ರೂಢಿಯಂತೆ ಮಾಡಿರಬಹುದು. ಅದರ ನ್ಯಾಯ ತೀರ್ಮಾನ ಇಲ್ಲಿ ಬೇಡ. ನನಗೆ ಕೊರೆಯೋದು ಬೇರೆ. ‘ಈ ಜಾಗದಲ್ಲಿ ಸ್ಪರ್ಶ ಹೋಗಿದೆ, ಬಿಸಿ ವಸ್ತು ಹತ್ತಿರ ಹುಷಾರು’ ಅನ್ನೋ ಒಂದು ಮಾತನ್ನ ಅವರಿಗೆ ಯಾರೂ ಹೇಳಿರಲಿಲ್ಲ. ‘ಬರೀ ಜೋಮು, ಪರವಾಗಿಲ್ಲ’ ಅಂತ ಹೇಳಿ ಕಳಿಸೋರು ಈ ಸೈಲೆನ್ಸರ್ ಕಥೆಯನ್ನ ಒಂದು ಸಲ ಯೋಚಿಸಬೇಕು.

ಈಗ ನೀವು ರೀಲ್ಸ್‌ನಲ್ಲಿ ನೋಡೋ ಜಾಹೀರಾತಿಗೆ ಬರೋಣ. ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ಲೇಸರ್, ಅದೇ ದಿನ ಮನೆಗೆ. ಮಾತು ಸುಳ್ಳಲ್ಲ. 1999ರ ಆಸುಪಾಸಿನಲ್ಲಿ ಶುರುವಾದ ಲೇಸರ್ ಮತ್ತು ರೇಡಿಯೋಫ್ರೀಕ್ವೆನ್ಸಿ ವಿಧಾನಗಳಲ್ಲಿ ನಾಳವನ್ನ ಕೀಳೋದಿಲ್ಲ. ತೆಳು ತಂತಿಯೊಂದನ್ನ ನಾಳದೊಳಗೆ ತೂರಿಸಿ, ಬಿಸಿ ಮಾಡಿ, ಒಳಗಿಂದಲೇ ಮುಚ್ಚಿಬಿಡ್ತಾರೆ. ಬ್ರಿಟನ್‌ನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳೋದೇ ಈ ಬಿಸಿ ವಿಧಾನಗಳನ್ನ. ಅದು ಆಗದಿದ್ದರೆ ಫೋಮ್, ಅದೂ ಆಗದಿದ್ದರೆ ಹಳೇ ಆಪರೇಷನ್.

ಆದರೆ ‘ಲೇಸರ್ ಅಂದ್ರೆ ನರಕ್ಕೆ ಏನೂ ಆಗಲ್ಲ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ರೇಡಿಯೋಫ್ರೀಕ್ವೆನ್ಸಿಯ ಈಗಿನ ತಂತಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತೆ. ನೀರು ಕುದಿಯೋದು ನೂರಕ್ಕೆ. ಲೇಸರ್ ತುದಿ ಅದಕ್ಕಿಂತ ಎಷ್ಟೋ ಹೆಚ್ಚು. ಇಷ್ಟು ಬಿಸಿಯ ಪಕ್ಕದಲ್ಲಿ ಅಕ್ಕಿಕಾಳಿಗಿಂತ ತೆಳುವಾದ ನರ ಇದ್ದರೆ? ಮೊದಲು ಎಳೆತದ ಭಯ, ಈಗ ಶಾಖದ ಭಯ.

ಈ ಶಾಖವನ್ನ ತಡೆಯೋ ಉಪಾಯ ಬಂದಿದ್ದು ವಿಚಿತ್ರ ಜಾಗದಿಂದ, ಬೊಜ್ಜು ತೆಗೆಯೋ ಚಿಕಿತ್ಸೆಯಿಂದ. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಲೈಪೋಸಕ್ಷನ್‌ಗಾಗಿ ಒಂದು ವಿಧಾನ ಪ್ರಕಟಿಸಿದರು. ಮರಗಟ್ಟಿಸೋ ಔಷಧವನ್ನ ತುಂಬಾ ತೆಳು ಮಾಡಿ, ಬಹಳಷ್ಟು ಸಲೈನ್ ಜೊತೆ, ಸ್ವಲ್ಪ ಅಡ್ರಿನಲಿನ್ ಸೇರಿಸಿ ಚರ್ಮದಡಿ ತುಂಬೋದು. ಹೆಸರು ಟ್ಯೂಮೆಸೆಂಟ್ ಅನಸ್ತೇಶಿಯಾ. ವೆರಿಕೋಸ್‌ನಲ್ಲಿ ಇದೇ ದ್ರವವನ್ನ ನಾಳದ ಸುತ್ತ ತುಂಬ್ತಾರೆ. ನೋವು ಗೊತ್ತಾಗಲ್ಲ. ಸುತ್ತಲಿಂದ ಒತ್ತಿ ನಾಳ ತಂತಿಗೆ ಅಂಟಿಕೊಳ್ಳುತ್ತೆ. ಹೊರಗೆ ಬರೋ ಶಾಖವನ್ನ ನೀರು ಹೀರಿಕೊಳ್ಳುತ್ತೆ. ನಮ್ಮ ವಿಷಯಕ್ಕೆ ಬೇಕಾದ ಕೆಲಸ ನಾಲ್ಕನೇದು, ನಾಳದ ಪಕ್ಕ ಇರೋ ನರವನ್ನ ಅದು ಮೆಲ್ಲಗೆ ದೂರ ತಳ್ಳುತ್ತೆ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ರೋಗಿಯ ಒಪ್ಪಿಗೆ ಪಡೆದು, ನಾನು ಇದನ್ನ ನಿಂತು ನೋಡಿದ್ದೀನಿ. ಅಲ್ಟ್ರಾಸೌಂಡ್ ಪರದೆಯಲ್ಲಿ ನಾಳ ಒಂದು ಕಪ್ಪು ಚುಕ್ಕಿ. ಸೂಜಿಯಿಂದ ದ್ರವ ಇಳಿದ ಹಾಗೆ ಆ ಚುಕ್ಕಿ ಸುತ್ತ ಇನ್ನೊಂದು ಕಪ್ಪು ಉಂಗುರ ಅರಳ್ತಾ ಹೋಯ್ತು. ಸರ್ಜನ್ ಅವಸರ ಮಾಡಲಿಲ್ಲ. ಒಂದಿಂಚು, ತುಂಬು, ನೋಡು. ಮತ್ತೊಂದಿಂಚು. ಬಿಸಿ ಕೊಟ್ಟಿದ್ದು ಕೆಲವೇ ನಿಮಿಷ, ಅದಕ್ಕೆ ಮುಂಚಿನ ಈ ನೀರು ತುಂಬೋ ಕೆಲಸಕ್ಕೇ ಹೆಚ್ಚು ಹೊತ್ತು ಹೋಯ್ತು. ಜಾಹೀರಾತಿನಲ್ಲಿ ಲೇಸರ್ ಕೆಂಪಗೆ ಮಿನುಗುತ್ತೆ, ಈ ನೀರಿನ ಸುದ್ದಿಯೇ ಇರಲ್ಲ. ನರವನ್ನ ಕಾಯೋದು ಈ ನೀರು.

ಅಲ್ಲಿ ಇನ್ನೊಂದು ಗಮನಿಸಿದೆ. ರೋಗಿ ಎಚ್ಚರ ಇದ್ದರು. ಸರ್ಜನ್ ನಡುನಡುವೆ ಕೇಳ್ತಾ ಇದ್ರು, “ಅಮ್ಮಾ, ಪಾದದ ಕಡೆ ಏನಾದ್ರೂ ಚುಳ್ ಅಂತ ಹೊಡೀತಾ?” ಅಂತ. ಇದು ಬರೀ ಉಪಚಾರದ ಮಾತಲ್ಲ. ನರದ ಹತ್ತಿರ ಸೂಜಿಯೋ ಬಿಸಿಯೋ ಹೋದರೆ ಕರೆಂಟ್ ಹೊಡೆದ ಹಾಗೆ ಕೆಳಗೆ ಹರಿಯುತ್ತೆ. ರೋಗಿ ‘ಹೂಂ’ ಅಂದ ತಕ್ಷಣ ನಿಲ್ಲಿಸಿ, ಇನ್ನಷ್ಟು ದ್ರವ ತುಂಬಬಹುದು, ಜಾಗ ಬದಲಿಸಬಹುದು. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟಿದ್ದರೆ ರೋಗಿ ಮಾತಾಡಬಹುದು, ಕಾಲು ಮಾತಾಡಲ್ಲ. ಸ್ಪೈನಲ್ ತಪ್ಪು ಅಂತಲ್ಲ, ಎರಡೂ ಕಾಲು, ದೊಡ್ಡ ಗಂಟುಗಳು ಇದ್ದಾಗ ಅದು ಬೇಕಾಗಬಹುದು. ಆದರೆ ಆಗ ಒಂದು ಅಲಾರಂ ಆಫ್ ಆಗಿರುತ್ತೆ. ದ್ರವ ತುಂಬೋದರಲ್ಲಿ, ಪರದೆ ನೋಡೋದರಲ್ಲಿ ಅಷ್ಟು ಹೆಚ್ಚು ಜಾಗ್ರತೆ ಬೇಕು.

ತಂತಿ ಎಲ್ಲಿಂದ ಒಳಗೆ ಹೋಗುತ್ತೆ ಅನ್ನೋದೂ ಅಷ್ಟೇ ಮುಖ್ಯ. ಉದ್ದನಾಳಕ್ಕೆ ಸಾಮಾನ್ಯವಾಗಿ ಮಂಡಿಯ ಆಸುಪಾಸಿನಿಂದ ಹೋಗ್ತಾರೆ, ಪಾದದಿಂದಲ್ಲ. ಕಾರಣ ನಿಮಗೆ ಗೊತ್ತಾಗಿದೆ. ಗಿಡ್ಡನಾಳಕ್ಕೆ ಮೀನಖಂಡದ ನಡುಮಟ್ಟದಿಂದ. ಅದಕ್ಕಿಂತ ಕೆಳಗೆ ಸೂರಲ್ ನರ ಪಕ್ಕದಲ್ಲೇ ಬಂದಿರುತ್ತೆ.

ಗಿಡ್ಡನಾಳದ ಚಿಕಿತ್ಸೆ ಉದ್ದನಾಳಕ್ಕಿಂತ ತೊಡಕಿನದ್ದು. ಅದು ಒಳಗೆ ಇಳಿಯೋ ಜಾಗ ಎಲ್ಲರಲ್ಲೂ ಒಂದೇ ಕಡೆ ಇರಲ್ಲ, ಕೆಲವರಲ್ಲಿ ಮಂಡಿ ದಾಟಿ ತೊಡೆಯ ಹಿಂಭಾಗಕ್ಕೂ ಹೋಗುತ್ತೆ. ಮಂಡಿಯ ಹಿಂದಿನ ಆ ಚಿಕ್ಕ ಗುಳಿಯಲ್ಲಿ ಕಾಲಿನ ಮುಖ್ಯ ರಕ್ತನಾಳಗಳು, ಟಿಬಿಯಲ್ ನರ, ಪೆರೋನಿಯಲ್ ನರ ಎಲ್ಲಾ ಒತ್ತೊತ್ತಾಗಿವೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಥರ. ಹಳೇ ಕಾಲದಲ್ಲಿ ಅಂದಾಜಿನ ಮೇಲೆ ಅಲ್ಲಿ ಕೊಯ್ದು ಹುಡುಕೋರು. ಈಗ ಡಾಪ್ಲರ್ ಅಲ್ಟ್ರಾಸೌಂಡ್ ಇಲ್ಲದೆ ಆ ಜಾಗಕ್ಕೆ ಕೈ ಹಾಕೋದಕ್ಕೆ ಅರ್ಥವೇ ಇಲ್ಲ. ಅಭ್ಯಾಸ ಇರೋ ಕಣ್ಣಿಗೆ ಆ ಪರದೆಯಲ್ಲಿ ನರವೂ ಕಾಣುತ್ತೆ, ಅಡ್ಡಡ್ಡ ನೋಡಿದರೆ ಪುಟ್ಟ ಜೇನುಹುಟ್ಟಿನ ಹಾಗೆ. ಮೊದಲೇ ಒಂದು ಸಲ ಆಪರೇಷನ್ ಆಗಿ, ಮರಳಿ ಬಂದ ವೆರಿಕೋಸ್ ಆದರೆ ಒಳಗೆಲ್ಲ ಕಲೆಗಟ್ಟಿ ಪದರಗಳು ಅಂಟಿರುತ್ತವೆ, ಅಪಾಯ ಇನ್ನೂ ಜಾಸ್ತಿ.

ಬಿಸಿಯೇ ಬೇಡ ಅನ್ನೋ ವಿಧಾನಗಳೂ ಇವೆ. ಫೋಮ್ ಅಂದ್ರೆ ನಾಳದ ಒಳಗೋಡೆ ಅಂಟಿಸೋ ಔಷಧವನ್ನ ಗಾಳಿ ಜೊತೆ ಎರಡು ಸಿರಿಂಜ್ ನಡುವೆ ಆ ಕಡೆ ಈ ಕಡೆ ತಳ್ಳಿ ನೊರೆ ಬರಿಸೋದು. ಲೋಟ ಬಟ್ಟಲಲ್ಲಿ ಕಾಫಿ ಎತ್ತಿ ಹೊಯ್ಯೋದನ್ನ ನೆನಪಿಸಿಕೊಳ್ಳಿ. ಆ ನೊರೆಯನ್ನ ಸೂಜಿಯಿಂದ ನಾಳಕ್ಕೆ ಬಿಡ್ತಾರೆ. ಇನ್ನೊಂದು ಸೈನೋಅಕ್ರಿಲೇಟ್ ಅನ್ನೋ ವೈದ್ಯಕೀಯ ಅಂಟು. ಅಮೆರಿಕದಲ್ಲಿ ಇದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡರಲ್ಲೂ ಶಾಖ ಇಲ್ಲ, ಹಾಗಾಗಿ ಪಕ್ಕದ ನರ ಸುಡೋ ಪ್ರಶ್ನೆ ಬರಲ್ಲ. ಮಂಡಿಯಿಂದ ಕೆಳಗಿನ ಅಂಟಿಕೊಂಡ ಭಾಗಕ್ಕೆ ಇವು ಒಳ್ಳೇ ಆಯ್ಕೆ. ಆದರೆ ಪುಕ್ಕಟೆ ಏನೂ ಸಿಗಲ್ಲ. ಫೋಮ್ ಹಾಕಿದ ನಾಳ ಮತ್ತೆ ತೆರೆದುಕೊಳ್ಳೋ ಸಾಧ್ಯತೆ ಹೆಚ್ಚು. ಅಂಟಿಗೆ ಕೆಲವರ ಮೈ ಒಗ್ಗದೆ ಉರಿ, ಕೆಂಪು ಆಗುತ್ತೆ, ದುಬಾರಿ ಕೂಡ.

ಮುಖ್ಯನಾಳ ಮುಚ್ಚಿದ ಮೇಲೂ ಹೊರಗೆ ಕಾಣೋ ಗಂಟುಗಳು ಉಳಿಯಬಹುದು. ಅವನ್ನ ಎರಡು ಮೂರು ಮಿಲಿಮೀಟರ್ ತೂತಿನಿಂದ ಪುಟ್ಟ ಕೊಕ್ಕೆ ಹಾಕಿ ತೆಗೀತಾರೆ. ಕೊಕ್ಕೆಗೆ ಕಣ್ಣಿಲ್ಲ, ಸಿಕ್ಕಿದ್ದನ್ನ ಎತ್ತುತ್ತೆ. ಬಿಳಿ ಹೊಳೆಯೋ ದಾರದ ಹಾಗೆ ಬಂದರೆ ಅದು ನರ, ಬಿಟ್ಟುಬಿಡಬೇಕು. ಆಪರೇಷನ್‌ಗೆ ಮುಂಚೆ ನಿಮ್ಮನ್ನ ನಿಲ್ಲಿಸಿ ಮಾರ್ಕರ್ ಪೆನ್ನಲ್ಲಿ ಕಾಲ ಮೇಲೆ ಗೆರೆ ಎಳೆಯೋದು ಇದಕ್ಕೇ. ಮಲಗಿದರೆ ಗಂಟುಗಳು ಇಳಿದು ಮಾಯವಾಗುತ್ತವೆ. ಪಾದ, ಗಂಟಿನ ಸುತ್ತ, ಮಂಡಿ ಹೊರಗಿನ ಆ ಗುಂಡು ಮೂಳೆ ಹತ್ತಿರ ಕೊಕ್ಕೆ ಹಾಕೋವಾಗ ವಿಶೇಷ ಎಚ್ಚರ ಬೇಕು. ಆಮೇಲೆ ಸುತ್ತೋ ಬ್ಯಾಂಡೇಜೂ ಆ ಮೂಳೆ ಮೇಲೆ ಬಿಗಿಯಾಗಿ ಕೂತರೆ ಒಳಗಿನ ನರ ಒತ್ತಿಹೋಗುತ್ತೆ. ಆಪರೇಷನ್ ಸರಿಯಾಗಿ ಆಗಿ, ಪಟ್ಟಿಯಿಂದ ತೊಂದರೆ!

ಸರಿ, ಅಮ್ಮನ ಜೊತೆ ಮತ್ತೆ ಡಾಕ್ಟರ್ ಹತ್ತಿರ ಹೋಗ್ತೀರಿ ಅಂತಿಟ್ಟುಕೊಳ್ಳಿ. ನಾನಾಗಿದ್ರೆ ಮೊದಲು ಕೇಳೋದು, ಮುಚ್ಚೋದು ಉದ್ದನಾಳವೋ ಗಿಡ್ಡನಾಳವೋ, ಎಲ್ಲಿಂದ ಎಲ್ಲಿವರೆಗೆ? ಮಂಡಿ ಕೆಳಗೂ ಅಂದ್ರೆ, ಅಷ್ಟು ಕೆಳಗೆ ಯಾಕೆ ಬೇಕು, ಅಲ್ಲಿ ಬಿಸಿ ಬಿಟ್ಟು ಬೇರೆ ದಾರಿ ಇದೆಯಾ? ಡಾಪ್ಲರ್ ಮ್ಯಾಪಿಂಗ್ ಮಾಡೋದು ಯಾರು, ಆಪರೇಷನ್ ಹೊತ್ತಲ್ಲೂ ಅಲ್ಟ್ರಾಸೌಂಡ್ ಇರುತ್ತಾ? ಎಚ್ಚರ ಇಟ್ಟು ಮಾಡ್ತೀರೋ ಸ್ಪೈನಲ್ಲೋ? ಕೊನೆಗೆ, ‘ನರಕ್ಕೆ ತೊಂದರೆ’ ಅಂದ್ರೆ ನೀವು ಹೇಳ್ತಿರೋದು ಸ್ಪರ್ಶ ಹೋಗೋದಾ, ಪಾದ ಎತ್ತೋಕೆ ಆಗದಿರೋದಾ? ಎರಡಕ್ಕೂ ಅಜಗಜಾಂತರ.

ಇದು ಅಧಿಕಪ್ರಸಂಗ ಅಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿದೆ, ಚಿಕಿತ್ಸೆ ಯಾವುದು, ಯಾಕೆ, ಬೇರೆ ದಾರಿ ಏನಿದೆ, ಗಣನೀಯ ಅಪಾಯ ಏನು ಅಂತ ತಿಳಿಸಿಯೇ ಒಪ್ಪಿಗೆ ಪಡೀಬೇಕು ಅಂತ. ದೂರದ, ತೀರಾ ಅಪರೂಪದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ ಅಂತಲೂ ಅದೇ ತೀರ್ಪು ಹೇಳುತ್ತೆ. ಮರಗಟ್ಟೋದು ತೀರಾ ಅಪರೂಪದ ಪಟ್ಟಿಗೆ ಸೇರಲ್ಲ ಅನ್ನೋದು ನನ್ನ ಅಭಿಪ್ರಾಯ. ಕನ್ನಡದಲ್ಲಿ ‘ನರ’ ಅಂತ ಒಂದೇ ಪದ ಹೇಳಿ ಸಹಿ ಪಡೆದರೆ ತಿಳಿಸಿದ ಹಾಗೆ ಆಗಲ್ಲ. ‘ಸ್ಪರ್ಶದ ನರ’ ಅಂದರೆ ಸಾಕು, ಎರಡು ಸೆಕೆಂಡ್ ಹೆಚ್ಚು ಹಿಡಿಯುತ್ತೆ.

ಆಪರೇಷನ್ ಆದ ಮೇಲೆ ಏನು ನೋಡಬೇಕು? ಮೊದಲು ಪಾದ. ಮನೆಗೆ ಹೊರಡೋ ಮುಂಚೆ ಹೆಬ್ಬೆರಳು ಮೇಲಕ್ಕೆ ಎತ್ತಿ, ಪಾದ ಮೇಲಕ್ಕೆ ಎತ್ತಿ. ಆಸರೆ ಹಿಡಿದು ಹಿಮ್ಮಡಿ ಮೇಲೆ ಎರಡು ಹೆಜ್ಜೆ ನಡೀರಿ. ಮಂಡಿ ಹಿಂದೆ ತುಂಬಿದ ಔಷಧದ ಪ್ರಭಾವದಿಂದ ಕೆಲವು ಗಂಟೆ ಪಾದ ಸೋತ ಹಾಗೆ ಇರಬಹುದು, ಅದು ಇಳಿದ ಮೇಲೆ ಸರಿಹೋಗುತ್ತೆ. ಹಾಗಾಗದಿದ್ದರೆ, ಅಥವಾ ಚೆನ್ನಾಗಿದ್ದ ಪಾದ ಆಮೇಲೆ ಸೋಲ್ತಾ ಬಂದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ, ರಾತ್ರಿಯಾದರೂ ಸರಿ, ಫೋನ್ ಮಾಡಿ. ಪಟ್ಟಿ ಸಡಿಲಿಸೋದರಿಂದಲೇ ಉಳಿಯೋ ನರಗಳಿರುತ್ತವೆ.

ಬರೀ ಮರಗಟ್ಟಿದ್ದರೆ ಅಷ್ಟು ಗಾಬರಿ ಬೇಡ. ಇಂಗ್ಲೆಂಡಿನ ಸರ್ಜನ್ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಪೆಟ್ಟನ್ನ ಮೂರು ಮಟ್ಟ ಮಾಡಿದರು, ಇವತ್ತಿಗೂ ಅದೇ ಬಳಕೆ. ನರ ಬರೀ ಬೆಚ್ಚಿ ಕೆಲಸ ನಿಲ್ಲಿಸಿದ್ದರೆ ದಿನಗಳಿಂದ ವಾರಗಳಲ್ಲಿ ವಾಪಸ್ ಬರುತ್ತೆ. ಒಳಗಿನ ಎಳೆ ತುಂಡಾಗಿ ಹೊರಗಿನ ಕವಚ ಉಳಿದಿದ್ದರೆ, ಎಳೆ ಅದೇ ಕೊಳವೆಯಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೀತಾ ಹೋಗುತ್ತೆ. ಮಂಡಿ ಹತ್ತಿರ ಪೆಟ್ಟಾಗಿ ಪಾದ 30 ಸೆಂಟಿಮೀಟರ್ ದೂರ ಇದ್ದರೆ, ಲೆಕ್ಕ ಹಾಕಿ, 300 ದಿನ. ಹತ್ತು ತಿಂಗಳು. ಪೂರ್ತಿ ಹರಿದಿದ್ದರೆ ತಾನಾಗಿ ಸೇರೋದು ಕಷ್ಟ. ಸ್ಪರ್ಶ ಇಲ್ಲದ ಜಾಗ ಕಾಲಾಂತರದಲ್ಲಿ ಸುತ್ತಲಿಂದ ಸ್ವಲ್ಪ ಕಿರಿದಾಗಬಹುದು.

ಹಾಗಾಗಿ ಒಂದು ಕೆಲಸ ಮಾಡಿ. ಪೆನ್ ತಗೊಂಡು ಮರಗಟ್ಟಿದ ಜಾಗದ ಸುತ್ತ ಗೆರೆ ಎಳೆದು, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ತಾರೀಖಿನ ಸಮೇತ. ತಿಂಗಳಿಗೊಂದು ಫೋಟೋ. ಗೆರೆ ಚಿಕ್ಕದಾಗ್ತಿದ್ದರೆ ನರ ವಾಪಸ್ ಬರ್ತಿದೆ. ಆ ಜಾಗದಲ್ಲಿ ಜುಮುಜುಮು, ಇರುವೆ ಹರಿದ ಹಾಗೆ ಶುರುವಾದರೂ ಅದು ಸಾಮಾನ್ಯವಾಗಿ ಒಳ್ಳೇ ಸೂಚನೆ. ಉರಿ ಹೆಚ್ಚಾಗಿ ನಿದ್ದೆ ಕೆಡಿಸ್ತಿದ್ದರೆ ಅದಕ್ಕೆ ಬೇರೆ ಮಾತ್ರೆಗಳಿವೆ, ಸಹಿಸಿಕೊಂಡು ಕೂರಬೇಡಿ. ಅಲ್ಲಿವರೆಗೆ ಆ ಕಾಲಿಗೆ ಬಿಸಿನೀರಿನ ಚೀಲ ಬೇಡ, ಸ್ನಾನದ ನೀರನ್ನ ಕೈಯಲ್ಲಿ ಮುಟ್ಟಿ ನೋಡಿಯೇ ಹಾಕಿಕೊಳ್ಳಿ. ಬೈಕಿನಿಂದ ಇಳಿಯೋವಾಗ ಸೈಲೆನ್ಸರ್ ಯಾವ ಕಡೆ ಇದೆ ಅಂತ ಒಮ್ಮೆ ನೋಡಿ.

ನಿಮ್ಮ ಮನೆಯಲ್ಲಿ ಈ ಆಪರೇಷನ್ ಆದವರಿದ್ದರೆ ಅವರ ಅನುಭವವನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸಿ. ಆಸ್ಪತ್ರೆ ಹೆಸರು, ಡಾಕ್ಟರ್ ಹೆಸರು ಬೇಡ. ಕಾಲಿನ ಕಥೆ ಸಾಕು. ಮುಂದಿನ ವಾರ ಸಿಗೋಣ, ನಮಸ್ಕಾರ.